ಬಿರುಕಿನ ಎರಡು ಬದಿಗೆ ಎರಡು ಗೂಟ

ನನ್ನ ಮೊಮ್ಮಗಳು ರಂಜಿತಾಗೆ ಕೆಲಸ ಸಿಕ್ಕಿತು! ಬೆಳಿಗ್ಗೆ ರೊಟ್ಟಿ ಮುರಿದು ಬಾಯಿಗಿಡುವ ಹೊತ್ತಿಗೆ ಅವಳೇ ಫೋನ್ ಮಾಡಿದಳು. ಎಲ್ಲಿ ಅಂತೀರಿ, ಹಿಮಾಲಯದಲ್ಲಿ. ಎಂಥ ಕೆಲಸ ಅಂತೀರಿ, ಬೆಟ್ಟದ ಮೇಲೆ ಬಿದ್ದ ಹಿಮ ನಿಲ್ಲುತ್ತದೋ ಜಾರುತ್ತದೋ ಎಂದು ಪರೀಕ್ಷೆ ಮಾಡಿ ಹೇಳುವುದು. ಅವಳು ‘ಇವತ್ತು ಬೇಡ’ ಅಂದರೆ ಆ ದಿನ ಬೆಟ್ಟದ ಕೆಳಗಿನ ರಸ್ತೆಯಲ್ಲಿ ಲಾರಿ ಇಲ್ಲ, ಬಸ್ಸಿಲ್ಲ, ಒಂದು ನರಪಿಳ್ಳೆಯೂ ಓಡಾಡುವಂತಿಲ್ಲ. ಐದಡಿ ಎತ್ತರವಿಲ್ಲದ ಹುಡುಗಿ, ಅವಳ ಒಂದು ಮಾತಿಗೆ ಅಷ್ಟು ದೊಡ್ಡ ರಸ್ತೆ ನಿಲ್ಲುತ್ತದೆ! ರೊಟ್ಟಿ ಅಲ್ಲೇ ಬಿಟ್ಟು ಮಾರನಹಳ್ಳಿಗೆ ಹೋದೆ. ಅಂಗಡಿಯಲ್ಲಿದ್ದ ಜಿಲೇಬಿಯನ್ನೆಲ್ಲ ಕಟ್ಟಿಸಿಕೊಂಡು, ನಿಂತ ಬಸ್ಸಿನ ಕಂಡಕ್ಟರನಿಂದ ಹಿಡಿದು ಟೈರ್ ಬಿಚ್ಚುತ್ತಿದ್ದ ಲಾರಿ ಡ್ರೈವರ್‌ವರೆಗೆ ಎಲ್ಲರ ಕೈಗೂ ಹಾಕಿದೆ. ಆ ಡ್ರೈವರ್ ತಮಿಳಿನವನು. ಏನೂ ಅರ್ಥವಾಗದಿದ್ದರೂ ನಗುತ್ತ ಎರಡು ತಿಂದ.

ಫೋನಿನಲ್ಲಿ ಅವಳೊಂದು ವಿಡಿಯೋ ಕಳಿಸಿದ್ದಾಳೆ. ಆಗಲೇ ಹತ್ತು ಸಲ ನೋಡಿದೆ. ಸೊಂಟದುದ್ದ ಹಿಮದಲ್ಲಿ ನಿಂತು ಸಲಿಕೆಯಿಂದ ಗುಂಡಿ ತೋಡುತ್ತಾಳೆ. ಗೋಡೆ ಕೆತ್ತಿದ ಹಾಗೆ ಒಂದು ಬದಿ ನೀಟಾಗಿ ಕೆತ್ತಿ, ಅಲ್ಲಿ ಕಾಣುವ ಪದರಗಳನ್ನು ಬೆರಳಲ್ಲಿ ಮುಟ್ಟಿ ನೋಡುತ್ತಾಳೆ. ಮೇಲಿನದು ಗಟ್ಟಿ. ಅದರ ಕೆಳಗೆ ಒಂದು ಪದರ ಸಕ್ಕರೆಯ ಹಾಗೆ ಉದುರುತ್ತದೆ. ಆಮೇಲೆ ಹಿಮದ ಒಂದು ಕಂಬವನ್ನು ಸುತ್ತಲೂ ಬಿಡಿಸಿ, ಅದರ ತಲೆಯ ಮೇಲೆ ಸಲಿಕೆ ಇಟ್ಟು ತಟ್ಟುತ್ತಾಳೆ. ಮಣಿಕಟ್ಟಿನಿಂದ ಮೆಲ್ಲಗೆ ಹತ್ತು, ಮೊಣಕೈಯಿಂದ ಹತ್ತು, ಭುಜದಿಂದ ಹತ್ತು ಎಂದು ಲೆಕ್ಕ. ಹದಿಮೂರನೇ ಏಟಿಗೆ ಆ ಸಕ್ಕರೆ ಪದರದ ಮೇಲಿನಿಂದ ಇಡೀ ಕಂಬ ಜಾರಿ ಅವಳ ಮಡಿಲಿಗೆ ಬಿತ್ತು. ಅವಳು ಕ್ಯಾಮೆರಾ ಕಡೆ ತಿರುಗಿ ನಕ್ಕಳು. ನನಗೆ ನಗು ಬರಲಿಲ್ಲ. ಎಲ್ಲಿಯದೋ ಹಸಿ ಮಣ್ಣಿನ ವಾಸನೆ ಮೂಗಿಗೆ ಹೊಡೆದಂತಾಯಿತು.

ಬೆಳಿಗ್ಗೆ ಫೋನಿನಲ್ಲೇ, "ಅಜ್ಜ, ಸಂದರ್ಶನದಲ್ಲಿ ಈ ಕೆಲಸಕ್ಕೆ ಯಾಕೆ ಬಂದೆ ಅಂತ ಕೇಳಿದ್ರು. ನಾನು ನಿನ್ನ ಗೂಟದ ಕಥೆ ಹೇಳ್ದೆ" ಅಂದಳು. ನನಗೆ ಎದೆ ಉಬ್ಬಿತು. ಹಿಂದೆಯೇ ಕೇಳಿದಳು: "ಅದಿರ್ಲಿ, ಮೊದಲು ಬಿರುಕು ಕಂಡ ಮೇಲೆ ಎಷ್ಟು ದಿನ ಸುಮ್ನಿದ್ದೆ ಅಜ್ಜ? ಅವರು ಕೇಳಿದ್ರು, ನನಗೆ ಗೊತ್ತಿರಲಿಲ್ಲ."

"ಸಿಗ್ನಲ್ ಇಲ್ಲ ಕಣವ್ವ, ಸರಿಯಾಗಿ ಕೇಳ್ತಾ ಇಲ್ಲ" ಎಂದು ಫೋನ್ ಇಟ್ಟೆ. ಕೇಳಿತ್ತು. ಅಂಗಳದ ತುಂಬ ಸಿಗ್ನಲ್ ಇತ್ತು.

ಜಿಲೇಬಿ ಹಂಚಿ ಬಂದವನಿಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಸಂತೋಷ ಒಂದು ಕಡೆ, ಆ ಪ್ರಶ್ನೆ ಒಂದು ಕಡೆ. ನಾನು ಓದಿದ್ದು ಮೂರನೇ ಕ್ಲಾಸು. ಆದರೂ ಅವಳಿಗೆ ಬಾಯಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತೇನೆ.

ಅವಳು ಹುಟ್ಟಿದ್ದು ತೊಂಬತ್ತಾರನೇ ಇಸವಿಯ ಆಷಾಢದಲ್ಲಿ. ಆಗ ನಾವಿದ್ದ ಮನೆ ಮಾರನಹಳ್ಳಿಯಿಂದ ಮೂರು ಮೈಲಿ ಒಳಗೆ, ಗುಡ್ಡದ ಬುಡದಲ್ಲಿ. ಗಾಳಿ ಈ ಕಡೆ ಬೀಸಿದರೆ ಮಾತ್ರ ಘಾಟಿ ಏರುವ ಲಾರಿಗಳ ಸದ್ದು ಕೇಳುತ್ತಿತ್ತು. ಮನೆಯ ಹಿಂದಿನಿಂದಲೇ ನನ್ನ ಮೂರು ಎಕರೆ ಕಾಫಿ ಮೇಲಕ್ಕೆ ಹತ್ತುತ್ತಿತ್ತು. ನಮ್ಮ ಮನೆಯಿಂದ ಒಂದು ಕೂಗಿನಷ್ಟು ಕೆಳಗೆ ಮಲ್ಲೇಶಣ್ಣನ ಮನೆ. ಅವನು ನನಗಿಂತ ಹತ್ತು ವರ್ಷ ದೊಡ್ಡವನು, ಅವನ ಹೆಂಡತಿ ಪುಟ್ಟಕ್ಕ, ಮಕ್ಕಳಿರಲಿಲ್ಲ. ಹಳ್ಳದ ಆಚೆಗೆ, ಎದುರು ದಿಣ್ಣೆಯ ಬಂಡೆಯ ಮೇಲೆ ಎಸ್ಟೇಟಿನ ಕಾಫಿ ಸ್ಟೋರ್ ಮತ್ತು ಒಣಗಿಸುವ ಕಣ. ಆ ಎಸ್ಟೇಟಿನಲ್ಲಿ ನಾನು ಮೇಸ್ತ್ರಿ.

ಕಾಫಿ ಸಾಲುಗಳ ನಡುವೆ, ಇಳಿಜಾರಿಗೆ ಅಡ್ಡವಾಗಿ, ಮಗುವಿನ ತೊಟ್ಟಿಲಿನಷ್ಟು ಉದ್ದದ ಗುಂಡಿಗಳನ್ನು ತೋಡುತ್ತೇವೆ. ತೊಟ್ಟಿಲು ಗುಂಡಿ ಅನ್ನುತ್ತೇವೆ. ಓಡುವ ಮಳೆನೀರು ಅದರಲ್ಲಿ ನಿಂತು ಇಂಗುತ್ತದೆ, ಮಣ್ಣು ಕೊಚ್ಚಿ ಹೋಗುವುದಿಲ್ಲ, ಬೇಸಿಗೆಯಲ್ಲಿ ಗಿಡ ಬಾಡುವುದಿಲ್ಲ. ಎಸ್ಟೇಟಿನ ಓರೆ ಕಮ್ಮಿಯಿರುವ ಇಳಿಜಾರಿನಲ್ಲಿ ನಾನು ತೋಡಿಸಿದ ಗುಂಡಿ ನೋಡಲು ದೋಣಿಗಲ್ ಕಡೆಯಿಂದೆಲ್ಲ ತೋಟದವರು ಬರುತ್ತಿದ್ದರು. ಅದರ ಜಂಬ ತಲೆಗೇರಿತ್ತು. ಹಿಂದಿನ ಬೇಸಿಗೆಯಲ್ಲಿ ನಾನೂ ಮಲ್ಲೇಶಣ್ಣನೂ ಮುಯ್ಯಾಳು ಮಾಡಿಕೊಂಡಿದ್ದೆವು. ಅವನು ನನ್ನ ತೋಟದಲ್ಲಿ ಎಷ್ಟು ದಿನ ದುಡಿದನೋ ಅಷ್ಟು ದಿನ ನಾನು ಅವನದರಲ್ಲಿ ದುಡಿಯುವುದು. ಹಾಗೆ ಇಬ್ಬರೂ ಸೇರಿ ನನ್ನ ಕಡಿದಾದ ಗುಡ್ಡಕ್ಕೆ, ಎಸ್ಟೇಟಿನಲ್ಲಿ ಒಂದು ಇರುವ ಕಡೆ ಎರಡರಂತೆ, ತುದಿಯವರೆಗೆ ತೊಟ್ಟಿಲು ಗುಂಡಿ ತೋಡಿದೆವು. ಒಂದು ಹನಿ ನೀರೂ ನನ್ನ ತೋಟ ಬಿಟ್ಟು ಹೋಗಬಾರದು ಎಂಬ ಹಟ. ನೀರಿಗೂ ತೂಕವಿದೆ, ಗುಡ್ಡ ಅದನ್ನು ಹೊರಬೇಕು ಎನ್ನುವುದು ತಲೆಗೆ ಹೊಳೆಯಲಿಲ್ಲ.

ಮಗಳು ಸರೋಜ ಹೆರಿಗೆಗೆ ಕೆ. ಹೊಸಕೋಟೆಯಿಂದ ಬಂದಿದ್ದಳು. ಅಳಿಯ ನಾಗೇಶ ಬಿಟ್ಟು ಹೋಗುವಾಗ ನಮ್ಮ ಮಳೆ ನೋಡಿ ಹೆದರಿದ್ದ. "ಮಾವ, ಇಲ್ಲಿ ಸೂರ್ಯ ಹುಟ್ಟೋದೇ ಇಲ್ವಾ?" ಅಂದಿದ್ದ. ಪುನರ್ವಸು ಮಳೆ ಹಿಡಿದ ಮೂರನೇ ದಿನ ಮಗು ಹುಟ್ಟಿತು. ಹೆಣ್ಣು. ಮುಷ್ಟಿ ಬಿಗಿದುಕೊಂಡು ಹುಟ್ಟಿದವಳು. ಅವತ್ತು ನಾನು ಎಸ್ಟೇಟಿನ ಆಳುಗಳ ಲೈನಿನ ಎಲ್ಲ ಮನೆಗೂ ಬೆಲ್ಲ ಹಂಚಿ ಬಂದೆ. ನನ್ನ ಹೆಂಡತಿ ಗಂಗಮ್ಮ ಒಳಕೋಣೆಯಲ್ಲಿ ಬೆಂಕಿ ಹಾಕಿ, ಬಾಣಂತಿಯನ್ನೂ ಮಗುವನ್ನೂ ಅಲ್ಲಿ ಕೂಡಿ, ಬಾಗಿಲಿಗೆ ಕಂಬಳಿ ತೂಗುಹಾಕಿದಳು. ಹನ್ನೊಂದು ದಿನ ಕಳೆಯುವವರೆಗೆ ಬಾಣಂತಿಗೆ ಗಾಳಿ ಸೋಕುವಂತಿಲ್ಲ.

ಮಗು ಹುಟ್ಟಿದ ಆರನೇ ದಿನ ತೋಟದ ತುದಿಗೆ ಹೋದೆ. ತಲೆಗೆ ಪ್ಲಾಸ್ಟಿಕ್ ಕೊಪ್ಪೆ, ಕಾಲಿಗೆ ರಕ್ತ ಹೀರುವ ಇಂಬಳ ಹತ್ತದಂತೆ ಸುಣ್ಣ ಹೊಗೆಸೊಪ್ಪು. ಗುಂಡಿಗಳೆಲ್ಲ ಬಾಯಿ ತುಂಬ ನೀರು ಕುಡಿದು ನಿಂತಿದ್ದವು. ನೋಡಿ ಖುಷಿಯೇ ಆಯಿತು. ಕೊನೆಯ ಸಾಲಿನ ನೆರಳಿನ ಸಿಲ್ವರ್ ಮರಗಳ ಹಿಂದೆ ಹೆಜ್ಜೆ ಇಟ್ಟೆ, ಕಾಲು ಸರಕ್ಕನೆ ಒಳಗೆ ಹೋಯಿತು. ಉದುರಿದೆಲೆಯ ದರಗು ಸರಿಸಿ ನೋಡಿದರೆ ನೆಲ ಬಿರುಕು ಬಿಟ್ಟಿತ್ತು. ಕತ್ತಿಯ ಅಲಗು ಇಳಿಯುವಷ್ಟು ಅಗಲ. ಗುಡ್ಡಕ್ಕೆ ಅಡ್ಡವಾಗಿ, ಬಿಲ್ಲಿನ ಹಾಗೆ ಬಾಗಿ, ನನ್ನ ತೋಟದ ಈ ಕೊನೆಯಿಂದ ಆ ಕೊನೆಯವರೆಗೆ ಹೋಗಿತ್ತು.

ಕಾಫಿ ಗಿಡ ನೆಡಲು ಸಾಲು ಹಿಡಿಯುವ ಗೂಟಗಳನ್ನು ತಂದೆ. ಬಿರುಕಿನ ಮೇಲ್ಬದಿಗೆ ಒಂದು, ಕೆಳಬದಿಗೆ ಒಂದು ಹೊಡೆದೆ. ಅವೆರಡರ ನಡುವೆ ಸರಿಯಾಗಿ ಕೂರುವಂತೆ ಒಂದು ಬಿದಿರ ಕಡ್ಡಿ ಕತ್ತರಿಸಿದೆ. ನಾಳೆ ಕಡ್ಡಿ ಸರಿಯಾಗಿ ಕೂತರೆ ಗುಡ್ಡ ನಿಂತಿದೆ. ಕಡ್ಡಿ ಮೋಟಾದರೆ ಗುಡ್ಡ ಹೊರಟಿದೆ. ಇಷ್ಟೇ ನನ್ನ ಪರೀಕ್ಷೆ. ಆಮೇಲೆ ಕೆಳಬದಿಯಲ್ಲಿ ಎದೆಮಟ್ಟ ಒಂದು ಗುಂಡಿ ತೋಡಿದೆ, ಒಳಗೆ ಏನಿದೆ ಎಂದು ನೋಡೋಣ ಅಂತ. ಮೇಲೊಂದು ಮೊಳ ಕಪ್ಪು ಮಣ್ಣು. ಅದರ ಕೆಳಗೆ ಎರಡು ಮೊಳ ಕೆಂಪು ಮಣ್ಣು, ನೀರು ಹೀರಿ ಅಂಬಲಿಯಂತಾಗಿತ್ತು. ಅದಕ್ಕೂ ಕೆಳಗೆ ಬಿಳಿ ಜೇಡಿ. ಕೈ ಇಟ್ಟೆ, ಸಾಬೂನಿನಂತೆ ಜಾರಿತು. ಆ ಜೇಡಿ ನಮ್ಮ ಮನೆಯ ಕಡೆಗೇ ಓರೆಯಾಗಿ ಮಲಗಿತ್ತು. ಅದರ ಮೇಲೆ ನೀರು ತಣ್ಣಗೆ, ಸದ್ದಿಲ್ಲದೆ ಹರಿಯುತ್ತಿತ್ತು. ಮೂರು ಎಕರೆ ತೋಟ ಸಾಬೂನಿನ ಮೇಲೆ ಕೂತಿದೆ, ನಾನು ಅದರ ಬೆನ್ನಿಗೆ ನೂರಾರು ಗುಂಡಿ ನೀರು ಹೊರಿಸಿದ್ದೇನೆ.

ಆಗಲೇ ಕೆಳಗೆ ಓಡಿ ಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದರೆ ಯಾಕೆ ಹೀಗಾಯಿತು ಎಂದು ಕೇಳುತ್ತಾರೆ. ದೋಣಿಗಲ್‌ನಿಂದ ಬಂದು ನೋಡಿ ಹೋದವರ ಮುಖವೆಲ್ಲ ಕಣ್ಣೆದುರು ಬಂತು. ನಾನು ಮಾಡಿದ್ದು ಏನು ಗೊತ್ತೇ? ಸುತ್ತಲಿನ ದರಗನ್ನೆಲ್ಲ ಬಾಚಿ ಆ ಬಿರುಕಿನ ಮೇಲೆ ಹರಡಿದೆ. ಮಲ್ಲೇಶಣ್ಣ ಸೌದೆಗೆ ಆ ಕಡೆ ಬರುತ್ತಿದ್ದ. ಅವನ ಕಣ್ಣಿಗೆ ಬೀಳಬಾರದು ಅಂತ.

ಏಳನೇ ದಿನ ಕಡ್ಡಿ ಒಂದು ಬೆರಳು ಮೋಟಾಗಿತ್ತು. ಗುಂಡಿಗಳ ನೀರು ಖಾಲಿ ಮಾಡಿದರೆ ಭಾರ ಇಳಿಯಬಹುದೆಂದು ಮೇಲಿನ ಸಾಲಿನ ಹತ್ತು ಗುಂಡಿಗಳ ಬದಿ ಒಡೆದೆ. ನೀರು ಹಳ್ಳದ ಕಡೆ ಹೋಗುತ್ತದೆ ಅಂದುಕೊಂಡರೆ ಸುತ್ತಿ ಬಳಸಿ ಬಿರುಕಿನ ಬಾಯಿಗೇ ಹೋಯಿತು. ಗಟಗಟನೆ ಕುಡಿಯಿತು. ಮತ್ತೆ ಕೈಯಿಂದ ಮಣ್ಣು ಬಾಚಿ ಬಾಚಿ ಮುಚ್ಚಿದೆ. ಉಗುರು ಕಿತ್ತು ಬಂತು.

ಮನೆಗೆ ಬಂದರೆ ನಿಲ್ಲಲಾಗದು. ಹತ್ತು ನಿಮಿಷ ಕೂರುವುದು, ಎದ್ದು ಹಿತ್ತಿಲಿಗೆ ಹೋಗಿ ಗುಡ್ಡ ನೋಡುವುದು, ಬಂದು ಕೂರುವುದು.

"ಏನ್ರೀ ಅದು, ಬೆಕ್ಕು ಮರಿ ಹಾಕಕ್ಕೆ ಜಾಗ ಹುಡುಕ್ದಂಗೆ?" ಅಂದಳು ಗಂಗಮ್ಮ.

"ಮಳೆ ನೋಡ್ತಿದ್ದೆ."

"ಮಳೆ ಹೊಸಾದಾ ನಿಮಗೆ? ಒಂದ್ ಕಡೆ ಕುಂತ್ಕಳಿ. ಮಗ ಬೆಚ್ಚಿ ಬೀಳ್ತದೆ."

ಕಂಬಳಿ ಸರಿಸಿ ಇಣುಕಿದೆ. ಬೆಂಕಿಯ ಬೆಳಕಿನಲ್ಲಿ ಮಗು ಮಲಗಿತ್ತು. ಅದರ ತಲೆಯ ಹಿಂದಿನ ಗೋಡೆಯ ಆಚೆಗೇ ಗುಡ್ಡ. ಕಂಬಳಿ ಬಿಟ್ಟು ಮತ್ತೆ ಹಿತ್ತಿಲಿಗೆ ಹೋದೆ.

ಎಂಟನೇ ದಿನ ಕಡ್ಡಿ ಮೂರು ಬೆರಳು ಮೋಟು. ಸಿಲ್ವರ್ ಮರಗಳು ಕೆಳಕ್ಕೆ ವಾಲಿದಂತೆ ಕಂಡವು. ನನ್ನ ಕಣ್ಣೇ ವಾಲಿದೆಯೇನೋ ಎಂದು ಕತ್ತಿಗೆ ದಾರ ಕಟ್ಟಿ ತೂಗುಬಿಟ್ಟು ನೋಡಿದೆ. ಮರಗಳೇ ವಾಲಿದ್ದವು. ಇಳಿದು ಬರುವಾಗ ಮಲ್ಲೇಶಣ್ಣ ಎದುರಾದ.

"ಏನೋ ತಮ್ಮಯ್ಯ, ದಿನಾ ಮೂರು ಸಲ ಗುಡ್ಡ ಹತ್ತೀಯ. ಮೇಲೇನು ನಿಧಿ ಸಿಕ್ತಾ?"

"ಮೆಣಸಿನ ಬಳ್ಳಿ ಬಿದ್ದಿದ್ವು ಅಣ್ಣ, ಕಟ್ತಿದ್ದೆ."

"ಈ ಮಳೇಲಿ ಬಳ್ಳಿ ಕಟ್ಟೋನು ನೀನೊಬ್ನೇ ಕಣೋ. ನಿಧಿ ಸಿಕ್ರೆ ನಂಗೂ ಒಂದ್ ಪಾಲು ಕೊಡು ಮಾರಾಯ."

ಆ ನಗುವ ಮುಖಕ್ಕೆ ಸುಳ್ಳು ಹೇಳಿದೆ. ಅವನ ಮನೆಯೂ ಅದೇ ಗುಡ್ಡದ ದಾರಿಯಲ್ಲಿತ್ತು. ನಾಳೆ ಹೇಳುತ್ತೇನೆ, ನಾಳೆ ಮಳೆ ಕಮ್ಮಿಯಾದರೆ ಹೇಳುವುದೇ ಬೇಡವಾಗುತ್ತದೆ. ಹೀಗೆ ಮನಸ್ಸು ಎರಡು ಕಡೆ ಎಳೆಯುತ್ತಿತ್ತು.

ಒಂಬತ್ತನೇ ದಿನ ಬೆಳಿಗ್ಗೆ ಹಿತ್ತಿಲಿನ ಒರತೆ ನಿಂತಿತ್ತು. ಗುಡ್ಡದ ಒಳಗಿಂದ ಬರುವ ಆ ನೀರನ್ನು ಬಿದಿರ ದಬ್ಬೆಯಲ್ಲಿ ಹಿಡಿದು ಮನೆಗೆ ತಂದುಕೊಂಡಿದ್ದೆವು. ಹಿಂದಿನ ಸಂಜೆ ಕೆಂಪಾಗಿತ್ತು. ಇವತ್ತು ದಬ್ಬೆಯಿಂದ ಒಂದು ಹನಿ ಇಲ್ಲ, ಮೇಲಿಂದ ಮಾತ್ರ ಜಡಿಮಳೆ. ನೀರು ತರಲು ಅದೇ ಒರತೆಗೆ ಬಂದಿದ್ದ ಮಲ್ಲೇಶಣ್ಣ, "ಒಳ್ಳೇದೇ ಆಯ್ತು ಬುಡು. ಗುಡ್ಡದೊಳಗೆ ನೀರು ಕಮ್ಮಿ ಆಗೈತೆ" ಅಂದ.

ಇಷ್ಟು ಮಳೆಯಲ್ಲಿ ನೀರು ಕಮ್ಮಿಯಾಗುವುದು ಹೇಗೆ? ಒಳಗೆ ಮಣ್ಣು ಕೂತು ದಾರಿ ಕಟ್ಟಿಕೊಂಡಿದೆ. ನೀರು ಒಳಗೇ ತುಂಬುತ್ತಿದೆ. ಮೇಲೆ ಓಡಿದೆ. ಕಡ್ಡಿ ಇಡಲು ಗೂಟವೇ ಸಿಗಲಿಲ್ಲ. ಕೆಳಗಿನ ಗೂಟ ನಿನ್ನೆಯ ಜಾಗಕ್ಕಿಂತ ಒಂದು ಗೇಣು ಕೆಳಕ್ಕೆ ಇಳಿದು ವಾಲಿಕೊಂಡಿತ್ತು.

ಮಗಳೇ ರಂಜಿತಾ, ನಿನ್ನ ಪ್ರಶ್ನೆಗೆ ಉತ್ತರ ಇದು. ಆರನೇ ದಿನ ಕಂಡೆ, ಒಂಬತ್ತನೇ ದಿನ ಬಾಯಿ ಬಿಟ್ಟೆ. ಎರಡೂ ಕೊನೆ ಸೇರಿಸಿ ಎಣಿಸಿದರೆ ನಾಲ್ಕು ದಿನ. ನಿನ್ನ ತಲೆಯ ಹಿಂದೆ ಗುಡ್ಡ ಇಟ್ಟುಕೊಂಡು ನಿನ್ನಜ್ಜ ನಾಲ್ಕು ದಿನ ಮರ್ಯಾದೆ ಲೆಕ್ಕ ಹಾಕುತ್ತಿದ್ದ.

ಕೆಸರು ಕಾಲಲ್ಲೇ ಒಳಗೆ ನುಗ್ಗಿದೆ. "ಗಂಗಾ, ಎಬ್ಬಿಸು ಸರೋಜನ್ನ. ಸ್ಟೋರಿಗೆ ಹೋಗ್ಬೇಕು. ಈಗ್ಲೇ."

"ಏನಾಗದೆ ನಿಮಗೆ? ಒಂಬತ್ತು ದಿನದ ಬಾಣಂತಿ ಕಣ್ರೀ. ಹನ್ನೊಂದು ಕಳೀದೆ ಹೊಸ್ಲು ದಾಟ್ಸಕ್ಕಾಯ್ತದಾ? ಶೀತ ಹಿಡ್ದು ಸನ್ನಿ ಆದ್ರೆ ಯಾರು ಹೊಣೆ?"

"ಗುಡ್ಡ ಬಂದ್ರೆ ಯಾರು ಹೊಣೆ?"

"ನಮ್ಮತ್ತೆ ಕಾಲದಿಂದ ನಿಂತಿರೋ ಗುಡ್ಡ. ಇವತ್ತೇ ಎದ್ದು ಬತ್ತದಾ?"

"ನಿಮ್ಮತ್ತೆ ಕಾಲ್ದಲ್ಲಿ ಗುಂಡಿ ಇರ್ಲಿಲ್ಲ ಕಣೇ. ತೋಡ್ಸಿದ್ದು ನಾನು. ನೀರು ಕುಡಿದು ಕುಡಿದು ಗುಡ್ಡ ಬಿರುಕು ಬಿಟ್ಟೈತೆ. ನಾಲ್ಕು ದಿನ ಆಯ್ತು. ದರಗು ಮುಚ್ಚಿಟ್ಟಿದ್ದೆ."

ಗಂಗಮ್ಮ ನನ್ನ ಮುಖ ನೋಡಿದಳು. ಬಯ್ಯುತ್ತಾಳೆ ಅಂದುಕೊಂಡೆ. ಬಯ್ದಿದ್ದರೆ ಹಗುರಾಗುತ್ತಿತ್ತು. ಒಳಕೋಣೆಗೆ ಹೋಗಿ ಕಬ್ಬಿಣದ ಬಕೆಟ್ಟಿಗೆ ಬೂದಿ ಹಾಕಿ, ಅದರ ಮೇಲೆ ಬಾಣಂತಿ ಬೆಂಕಿಯ ಕೆಂಡವನ್ನೆಲ್ಲ ಎತ್ತಿ ತುಂಬಿದಳು. "ಅಲ್ಲಿ ಒಲೆ ಐತಾ?" ಎಂದಷ್ಟೇ ಕೇಳಿದಳು. ಇದೆ ಅಂದೆ. ಆಮೇಲೆ ನನ್ನ ಜೊತೆ ಮಾತಾಡಲಿಲ್ಲ.

ಮಲ್ಲೇಶಣ್ಣನ ಮನೆಗೆ ಇಳಿದೆ. ಅವನು ಹಲಸಿನ ಬೀಜ ಸುಡುತ್ತ ಒಲೆ ಮುಂದೆ ಕೂತಿದ್ದ. ನಿಂತೇ ಎಲ್ಲ ಹೇಳಿದೆ: ಬಿರುಕು, ಗೂಟ, ಜೇಡಿ, ದರಗು. ಗುಂಡಿ ನನ್ನದು, ತಪ್ಪು ನನ್ನದು, ನಿನ್ನೆ ಮೆಣಸಿನ ಬಳ್ಳಿ ಅಂದದ್ದೂ ಸುಳ್ಳು. ಕೈಯಲ್ಲಿದ್ದ ಬೀಜ ಕೆಳಗಿಟ್ಟು ಅವನು ಎದ್ದ.

"ಮೊದ್ಲು ಮಗೀನ ಸಾಗ್ಸು" ಅಂದ. "ನಿನ್ ಜೊತೆ ಆಮೇಲೆ ಮಾತಾಡ್ತೀನಿ."

ಮರದ ಕುರ್ಚಿಯ ಎರಡೂ ಕಡೆ ಬಿದಿರ ಗಳ ಕಟ್ಟಿದೆವು. ಸರೋಜ ಮಗುವನ್ನು ಮಡಿಲಲ್ಲಿಟ್ಟು ಕೂತಳು. ಮೇಲೆ ಎರಡು ಕಂಬಳಿ, ಅದರ ಮೇಲೆ ಕಾಫಿ ಹರಡುವ ಪ್ಲಾಸ್ಟಿಕ್ ಹೊದಿಸಿದೆವು. "ಅಪ್ಪ, ಬೀಳ್ಸ್‌ಬೇಡಿ" ಅಂದಳು ಒಳಗಿಂದ. ಮುಂದೆ ಮಲ್ಲೇಶಣ್ಣ, ಹಿಂದೆ ನಾನು, ಪಕ್ಕದಲ್ಲಿ ಗಂಗಮ್ಮ ಕೊಡೆಯ ಅಡಿಯಲ್ಲಿ ಕೆಂಡದ ಬಕೆಟ್ ಹಿಡಿದು. ಮಳೆಯೊಳಗೆ ಆ ಬಕೆಟ್ಟಿನಿಂದ ಹೊಗೆ ಏಳುತ್ತಿತ್ತು. ಪುಟ್ಟಕ್ಕ ಹಸು ಕರು ಹೊಡೆದುಕೊಂಡು ಹಿಂದೆ ಬಂದಳು. ಹಳ್ಳದಲ್ಲಿ ತೊಡೆಯವರೆಗೆ ನೀರು. ದಾಟುವಾಗ ನನ್ನ ಕಾಲು ಜಾರಿತು. ಮಲ್ಲೇಶಣ್ಣ ತಿರುಗಿ ನೋಡದೆಯೇ ಗಳ ಎತ್ತಿ ಹಿಡಿದು ನಿಂತ, ನಾನು ಸರಿಯಾದ ಮೇಲೆ ನಡೆದ. ದಾರಿಯುದ್ದಕ್ಕೂ ಅವನ ಬೆನ್ನು ಮಾತ್ರ ನೋಡಿದೆ.

ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಸ್ಟೋರಿನ ಬೀಗ ತೆಗೆದು ಕೊಟ್ಟರು. ಗೋಣಿಚೀಲ ಹಾಸಿ, ಮೂಲೆಯ ಒಲೆಗೆ ಕೆಂಡ ಸುರಿದು, ಕಂಬಳಿ ಅಡ್ಡ ಕಟ್ಟಿ, ಗಂಗಮ್ಮ ಬಾಣಂತಿಗೆ ಮತ್ತೆ ಬೆಂಕಿ ಮಾಡಿದಳು. ನಾನು ಕಣದ ಅಂಚಿನಲ್ಲಿ ನಿಂತೆ. ಅಲ್ಲಿಂದ ನಮ್ಮ ಗುಡ್ಡ ಪೂರಾ ಕಾಣುತ್ತಿತ್ತು. ನಿಂತೇ ಇತ್ತು.

ಹತ್ತಾಯಿತು, ಹನ್ನೊಂದಾಯಿತು. ಏನೂ ಆಗಲಿಲ್ಲ. ಹನ್ನೆರಡಕ್ಕೆ ಮಳೆ ನಿಂತಿತು. ಹತ್ತು ಹನ್ನೆರಡು ದಿನ ಕಾಣದ ಬಿಸಿಲು ಬಂದು, ಗುಡ್ಡ ಹಸಿರಾಗಿ ತೊಳೆದಿಟ್ಟ ಪಾತ್ರೆಯಂತೆ ಹೊಳೆಯಿತು. ಎಸ್ಟೇಟಿನ ಆಳುಗಳು ಬಂದು ಬಂದು ನೋಡಿ ಹೋದರು. "ಮೇಸ್ತ್ರಿಗೆ ಮೊಮ್ಮಗು ಆದ ಖುಷೀಲಿ ತಲೆ ಕೆಟ್ಟೈತೆ" ಎಂದು ಯಾರೋ ಅಂದದ್ದು ಕೇಳಿಸಿತು. ಅಷ್ಟರಲ್ಲಿ ಅಳಿಯ ನಾಗೇಶ ಬಂದ. ಹನ್ನೊಂದನೇ ದಿನಕ್ಕೆಂದು ಎರಡು ದಿನ ಮೊದಲೇ ಬೆಳಗಿನ ಬಸ್ಸು ಹಿಡಿದು ಹೊರಟವನು, ದಾರಿಯಲ್ಲಿ ಆಳುಗಳು ಹೇಳಿದ್ದರಿಂದ ನೇರ ಸ್ಟೋರಿಗೇ ಬಂದಿದ್ದ.

"ಏನ್ ಮಾವ ಇದು? ಹಸಿ ಬಾಣಂತೀನ ಗೋಣಿಚೀಲದ ಮೇಲೆ ಮಲಗ್ಸಿದೀರಲ್ಲ! ನಮ್ಮೂರಲ್ಲಿ ದನಾನೂ ಹಿಂಗೆ ನೋಡ್ಕಳಲ್ಲ."

"ಇವತ್ತೊಂದು ದಿನ ತಡ್ಕಳಪ್ಪ."

"ಯಾಕೆ ತಡೀಬೇಕು? ಬಿಸ್ಲು ಬಂದೈತೆ. ಕರ್ಕೊಂಡು ಹೋಗಣ ಮನೆಗೆ."

ಬೀಳಲಿ ಎಂದು ಬಯಸಲಾದೀತೇ? ನನ್ನ ಮನೆ, ನನ್ನ ತೋಟ. ಬೀಳದಿದ್ದರೆ ಈ ಜನರನ್ನು ಎಷ್ಟು ಹೊತ್ತು ಹಿಡಿದಿಡಲಿ? ಕಣದ ಈ ಕೊನೆಯಿಂದ ಆ ಕೊನೆಗೆ ನಡೆದೆ. ಮತ್ತೆ ನಡೆದೆ. ಕಾಲಿಗೆ ಹತ್ತಿದ್ದ ಇಂಬಳ ಕುಡಿದು ತುಂಬಿ ತಾನಾಗಿಯೇ ಬಿದ್ದದ್ದು ಗೊತ್ತಾಗಲಿಲ್ಲ.

ಎರಡೂವರೆ ಗಂಟೆಗೆ ಪುಟ್ಟಕ್ಕನಿಗೆ ಕೋಳಿಗಳ ನೆನಪಾಯಿತು. ಗೂಡಿನ ಬಾಗಿಲು ತೆಗೆಯದೆ ಬಂದಿದ್ದಳು. ಮಲ್ಲೇಶಣ್ಣ ಎದ್ದ. ನಾನು ಹಳ್ಳಕ್ಕೆ ಇಳಿಯುವ ದಾರಿಗೆ ಅಡ್ಡ ನಿಂತೆ.

"ದಾರಿ ಬುಡು ತಮ್ಮಯ್ಯ."

"ಬೇಡ ಅಣ್ಣ."

"ಹತ್ತು ನಿಮಿಷದ ಕೆಲ್ಸ. ಮಳೆ ನಿಂತೈತೆ, ನಿಂಗೆ ಕಾಣಲ್ವಾ?"

"ಮಳೆ ನಿಂತೈತೆ. ಒಳಗಿನ ನೀರು ನಿಂತಿಲ್ಲ ಅಣ್ಣ. ಬೇಕಾದ್ರೆ ನಾನೇ ಹೋಯ್ತೀನಿ, ನೀನು ಬೇಡ."

"ನಾಲ್ಕು ದಿನ ಬಾಯಿ ಮುಚ್ಕಂಡಿದ್ದೋನು ಇವತ್ತು ನಂಗೆ ಬುದ್ಧಿ ಹೇಳ್ತೀಯ?" ಎಂದು ನನ್ನ ಎದೆಗೆ ಕೈ ಇಟ್ಟು ತಳ್ಳಿದ. ನಾನು ಅವನ ಎರಡೂ ರಟ್ಟೆ ಹಿಡಿದೆ. ಬಿಡಿಸಿಕೊಳ್ಳಲು ಎಳೆದ. ಅಂಗಿಯ ತೋಳು ಹರಿಯಿತು. ನಾಗೇಶ "ಬುಡಿ ಮಾವ, ಬುಡಿ" ಎನ್ನುತ್ತ ಓಡಿ ಬಂದ. ನಾನು ಬಿಡಲಿಲ್ಲ. ಹೊಡೆದರೆ ಹೊಡೆಸಿಕೊಳ್ಳುತ್ತೇನೆ, ಬಿಡುವುದಿಲ್ಲ ಎಂದು ಕಣ್ಣು ಮುಚ್ಚಿ ಹಿಡಿದಿದ್ದೆ.

ಮೊದಲು ಸದ್ದೇ ಇರಲಿಲ್ಲ. ಹಕ್ಕಿಗಳೆಲ್ಲ ಒಟ್ಟಿಗೆ ಎದ್ದದ್ದು ಕೇಳಿ ಕಣ್ಣು ಬಿಟ್ಟೆ. ತುದಿಯ ಸಿಲ್ವರ್ ಮರಗಳು ನಿಂತಂತೆಯೇ ಕೆಳಗೆ ಬರುತ್ತಿದ್ದವು, ಸಾಲು ಕೆಡದೆ, ಜನ ನಡೆದು ಬರುವ ಹಾಗೆ. ಆಮೇಲೆ ಒಂದರ ಮೇಲೊಂದು ಬಿದ್ದವು. ಅದರ ಹಿಂದೆ ಕೆಂಪು ಮಣ್ಣು, ಬಂಡೆ, ಕಾಫಿ ಗಿಡ, ಎಲ್ಲ ಸೇರಿ ಗಂಜಿ ಉಕ್ಕಿದಂತೆ ಬಂತು. ಆಗ ಸದ್ದು ಬಂತು. ಕಾಲ ಕೆಳಗಿನ ಬಂಡೆ ಅದುರಿತು. ನಮ್ಮ ಮನೆಯ ಹೆಂಚು ಒಂದು ಗಳಿಗೆ ಮೇಲೆ ಕಂಡಿತು, ಮತ್ತೆ ಕಾಣಲಿಲ್ಲ. ಅದು ಮಲ್ಲೇಶಣ್ಣನ ಮನೆಯನ್ನೂ ಎತ್ತಿಕೊಂಡು ಹಳ್ಳದವರೆಗೆ ಹೋಗಿ ನಿಂತಿತು. ಗಾಳಿಯಲ್ಲಿ ಬರೀ ಹಸಿ ಮಣ್ಣು, ಮುರಿದ ಬೇರು, ಜಜ್ಜಿದ ಮೆಣಸಿನ ಎಲೆಯ ವಾಸನೆ.

ಮಲ್ಲೇಶಣ್ಣನ ರಟ್ಟೆ ಇನ್ನೂ ನನ್ನ ಕೈಯಲ್ಲೇ ಇತ್ತು. ಅವನು ಮೆಲ್ಲಗೆ ನನ್ನ ಬೆರಳು ಬಿಡಿಸಿ, ಮಣ್ಣೆಲ್ಲ ನಿಂತ ಮೇಲೆ, ಹಳ್ಳದ ಈಚೆ ದಡದಿಂದ ನೋಡಿ ಬರುತ್ತೇನೆಂದು ಒಬ್ಬನೇ ಹೊರಟ. ಈಗ ನಾನು ತಡೆಯಲಿಲ್ಲ. ನಾಗೇಶ ಸ್ಟೋರಿನ ಒಳಗೆ ಹೋಗಿ ಮಗುವನ್ನು ಮೊದಲ ಸಲ ಕೈಗೆತ್ತಿಕೊಂಡು, ಗೋಡೆಗೆ ಒರಗಿ ಕೂತವನು ಬಹಳ ಹೊತ್ತು ಏಳಲಿಲ್ಲ.

ಬೆಳಕು ಆರುವ ಹೊತ್ತಿಗೆ ರೈಟರ ಮನೆಯಿಂದ ಅಕ್ಕಿ, ಹುರುಳಿಕಾಳು ಬಂತು. ಪುಟ್ಟಕ್ಕ ಕಣ್ಣೊರೆಸಿಕೊಳ್ಳುತ್ತಲೇ ಅನ್ನಕ್ಕೆ ಇ­ಟ್ಟಳು. ಗಂಗಮ್ಮ ಹುರುಳಿ ಸಾರು ಮಾಡಿ, ಬಾಣಂತಿಗೆ ಬೇರೆಯಾಗಿ ಮೆಣಸಿನ ಸಾರು ಕಾಸಿದಳು. ಎಲೆ ಹಾಕುವಾಗ ಮಲ್ಲೇಶಣ್ಣ ಬಂದ. ಮೊಣಕಾಲವರೆಗೆ ಕೆಂಪು ಕೆಸರು. ಎಲ್ಲೋ ಅಂಚಿನಲ್ಲಿ ಸಿಕ್ಕಿದ್ದ ಒಂದು ನೆಗ್ಗಿದ ಚೊಂಬನ್ನು ಹೆಂಡತಿಯ ಕೈಗೆ ಕೊಟ್ಟ. ಕೈಕಾಲು ತೊಳೆದು ಒಳಗೆ ಬಂದ. ನಾನು ಎಲೆ ಮುಂದಿನಿಂದ ಎದ್ದೆ.

"ಎಲ್ಲಿಗೆ ಎದ್ದೆ?"

"ನೀವೆಲ್ಲ ಉಣ್ಣಿ ಅಣ್ಣ. ನಾನು ಆಮೇಲೆ..."

"ಆಮೇಲೆ ಉಣ್ಣಕ್ಕೆ ನೀನೇನು ಮದ್ವೆ ಹೆಣ್ಣಿನ ಅಪ್ಪಾನಾ? ಕುಂತ್ಕ." ನನ್ನ ಪಕ್ಕದ ಗೋಣಿಚೀಲದ ಮೇಲೆ ಅವನೂ ಕೂತ. ಪುಟ್ಟಕ್ಕ ಅನ್ನ ಬಡಿಸಿದಳು. ಅವನು ಅನ್ನಕ್ಕೆ ಕೈ ಹಾಕದೆ ಹೇಳಿದ: "ಮೊದಲ ದಿನಾನೇ ಹೇಳಿದ್ರೆ ಹೆಂಚು, ತೊಲೆ, ಪಾತ್ರೆ ಪಡಗ ಎಲ್ಲಾ ಸಾಗ್ಸ್‌ಬೋದಿತ್ತು."

"ಹೂಂ."

"ಅದು ನಿನ್ ತಪ್ಪು. ನಾನು ಸಾಯಾಗಂಟ ಅಂತಿರ್ತೀನಿ, ಕೇಳುಸ್ಕೊಬೇಕು. ಗುಂಡಿದು ಒಬ್ನೇ ತಲೆ ಮೇಲೆ ಹಾಕ್ಕಬೇಡ. ಗುದ್ದಲಿ ಹಿಡ್ದು ನಾನೂ ತೋಡ್ದೋನೇ. ನನ್ ಬುದ್ಧಿಗೂ ಹೊಳೀಲಿಲ್ಲ."

ತಲೆ ತಗ್ಗಿಸಿ ಕೂತೆ.

"ಮಳೆಗಾಲ ಕಳೀಲಿ, ಈ ದಿಣ್ಣೆ ಕಡೆ ಎಲ್ಲಾದ್ರೂ ಒಂದ್ ಮನೆ ಎಬ್ಬಿಸ್ತೀನಿ. ಪಾಯ ತೋಡಕ್ಕೆ ನೀನೇ ಬರ್ಬೇಕು ಮಾರಾಯ. ಗುಂಡಿ ತೋಡೋದ್ರಲ್ಲಿ ನಿನ್ ಬುಟ್ರೆ ಯಾರವ್ರೆ ಈ ಸೀಮೇಲಿ?"

ಪುಟ್ಟಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ಕಂಬಳಿಯ ಆಚೆಯಿಂದ ಸರೋಜ ಕಿಸಕ್ಕನೆ ನಕ್ಕಳು. ನಾಗೇಶ ನಕ್ಕ, ಮಲ್ಲೇಶಣ್ಣನೂ ನಕ್ಕ, ನಾನು ಅಳುತ್ತಲೇ ನಕ್ಕೆ. ಗಂಗಮ್ಮ ಬಂದು ನನ್ನ ಅನ್ನದ ಮೇಲೆ ಬಿಸಿ ಸಾರು ಹುಯ್ದಳು.

"ಉಣ್ಣಿ, ಆರೋಯ್ತದೆ" ಅಂದಳು.

ಅವಳೂ ಪುಟ್ಟಕ್ಕನೂ ತಮ್ಮ ಎಲೆ ಹಾಕಿಕೊಂಡು ಕೂತರು. ಆರು ಜನ ಉಂಡೆವು. ಏಳನೆಯವಳು ಕಂಬಳಿಯ ಆಚೆ, ಅವಳ ಅಮ್ಮನ ಮಡಿಲಲ್ಲಿ, ಎಲ್ಲರಿಗೂ ಕೇಳುವಂತೆ ಹಾಲು ಚೀಪುತ್ತಿದ್ದಳು.